ಗಡ್ಡದವಳ ನಾಮಪತ್ರ

ಕೆಂಚಜ್ಜನಹಟ್ಟಿ
ಕೊಂಡ್ಲಹಳ್ಳಿ ಅಂಚೆ, ಮೊಳಕಾಲ್ಮೂರು ತಾಲ್ಲೂಕು
12 ಡಿಸೆಂಬರ್ 1999

ಪ್ರೀತಿಯ ಶಶಿರೇಖಾಗೆ ನಿನ್ನ ಯರ್ರಮ್ಮನ ನಮಸ್ಕಾರ.

ವರ್ಷಕ್ಕೊಮ್ಮೆ ಸಂಕ್ರಾಂತಿಗೆ ಬರೆಯುವವಳು ಈ ಸಲ ಮುಂಚೆಯೇ ಬರೆದಿದ್ದಾಳೆಂದರೆ ಏನೋ ಕೆಲಸವಿದೆ ಎಂದು ನಿನಗೆ ಗೊತ್ತಾಗಿರುತ್ತದೆ. ಹಾಸ್ಟೆಲ್ಲಿನಲ್ಲೂ ಹಾಗೇ ಅಲ್ಲವೇ, ಸೋಪು ಬೇಕಾದಾಗ ಮಾತ್ರ ನಿನ್ನ ಟ್ರಂಕಿನ ಹತ್ತಿರ ಸುಳಿಯುತ್ತಿದ್ದೆ.

ವಿಷಯ ಇಷ್ಟು. ಫೆಬ್ರವರಿಯಲ್ಲಿ ಪಂಚಾಯ್ತಿ ಎಲೆಕ್ಷನ್. ನಮ್ಮ ಹಟ್ಟಿಯ ಸೀಟು ಈ ಸಲ ಮಹಿಳೆಗೆ ಬಂದಿದೆ. ನಾನು ನಿಲ್ಲುತ್ತೇನೆ. ಯಾಕೆ ಅಂತ ಕೇಳು. ಹಟ್ಟಿಯ ಹಿಂದಿನ ಬಳ್ಳಾರಿ ಜಾಲಿಯನ್ನು ಪಂಚಾಯ್ತಿಯವರು ಇದ್ದಿಲು ಸುಡುವವರಿಗೆ ಹರಾಜು ಹಾಕಿದರು. ಅರ್ಧ ಕಡಿದೂ ಆಯಿತು. ಅವರಿಗೆ ಅದು ಮುಳ್ಳುಗಿಡ. ನಮ್ಮ ಮನೆಗಳಲ್ಲಿ ಕಕ್ಕಸಿಲ್ಲ, ಹೆಂಗಸರಿಗೆ ಅದೇ ಗೋಡೆ, ಅದೇ ಬಾಗಿಲು. ಬೆಳಿಗ್ಗೆ ತಂಬಿಗೆ ಹಿಡಿದು ಹೋದವರು ಈಗ ರಸ್ತೆಯಲ್ಲಿ ಒಂದು ಸೈಕಲ್ ಬಂದರೂ ಎದ್ದು ನಿಲ್ಲಬೇಕು. ಬಸುರಿಯರೂ ಅಷ್ಟೇ, ಮೊಣಕಾಲು ಹಿಡಿದ ಮುದುಕಿಯರೂ ಅಷ್ಟೇ. ಕಕ್ಕಸು ಕಟ್ಟಿಸುವ ತನಕ ಉಳಿದ ಜಾಲಿಗೆ ಕೊಡಲಿ ಹಾಕಬೇಡಿ ಎಂದು ಕೇಳಲು ಹೋದೆವು. ಹರಾಜು ಮಾಡಿಸಿದ ಮೆಂಬರು ಮರುಳಪ್ಪನವರು ಎಲ್ಲರ ಎದುರಿಗೆ ನನ್ನ ಮುಖ ನೋಡಿ, "ನಿನಗ್ಯಾಕವ್ವ ಜಾಲಿ ಮರೆ? ಗಡ್ಡ ಐತಲ್ಲ, ಗಂಡಸರ ಕಡೆ ಹೋಗು" ಎಂದರು. ಎಲ್ಲರೂ ನಕ್ಕರು. ನಾನು ಅವತ್ತೇ ತೀರ್ಮಾನ ಮಾಡಿದೆ.

ಹೌದು ಕಣೇ, ನನಗೆ ಗಡ್ಡವಿದೆ. ಇದನ್ನು ನಿನಗೂ ಹೇಳಿರಲಿಲ್ಲ. ನಮ್ಮಜ್ಜಿ ಕ್ಯಾತಮ್ಮನಿಗೂ ಇತ್ತು. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡರೆ ಕೂದಲು ಜಾರದೆ ಕೈಗೆ ಸಿಗುತ್ತದೆ ಎಂದು ಕಲಿಸಿದವಳೂ ಅವಳೇ. ಇಷ್ಟು ವರ್ಷ ಮನೆಯವರು ಏಳುವ ಮುಂಚೆ ಎದ್ದು ಕೀಳುತ್ತಿದ್ದೆ. ದಸರಾ ಹೊತ್ತಿಗೆ ಗದ್ದದ ಮೇಲೆ ದೊಡ್ಡ ಕುರು ಎದ್ದು ಕೀವಾಯಿತು. ವಾಸಿಯಾಗಲಿ ಎಂದು ಬಿಟ್ಟವಳು ಮತ್ತೆ ಕೈ ಹಾಕಲಿಲ್ಲ. ಬೆಳಗಿನ ನಿದ್ದೆ ಎಷ್ಟು ಚೆನ್ನಾಗಿರುತ್ತದೆ ಎಂದು ಆಗಲೇ ಗೊತ್ತಾಗಿದ್ದು. ಈ ಎರಡು ತಿಂಗಳಲ್ಲಿ ದಟ್ಟವಾಗಿ ಬಂದುಬಿಟ್ಟಿದೆ. ಇದ್ದಿಲಿನವರ ಜೊತೆ ಜಗಳವಾಡಿ ದನಿಯೂ ಗಂಡಸಿನ ದನಿಯಾಗಿದೆ.

ಮಹಿಳಾ ಸೀಟಿಗೆ ತಾನು ನಿಲ್ಲುವಂತಿಲ್ಲವಲ್ಲ, ಮರುಳಪ್ಪ ಹೆಂಡತಿ ಶಿವಬಸಮ್ಮನನ್ನು ನಿಲ್ಲಿಸುತ್ತಿದ್ದಾರೆ. ನಾಮಪತ್ರ ಪರಿಶೀಲನೆಯ ದಿನ ನನ್ನ ಮೇಲೆ ತಕರಾರು ಹಾಕುತ್ತಾರಂತೆ. ಹೆಂಗಸು ಎಂದು ಡಾಕ್ಟರ ಸರ್ಟಿಫಿಕೇಟ್ ತಂದರೆ ಸರಿ, ಇಲ್ಲದಿದ್ದರೆ ಅರ್ಜಿ ವಜಾ ಎಂದು ಟೀ ಅಂಗಡಿಯಲ್ಲಿ ಕೂತು ಹೇಳುತ್ತಿದ್ದಾರೆ. ಎರಡು ಹೆತ್ತವಳನ್ನು ಹೆಂಗಸೋ ಅಲ್ಲವೋ ಎಂದು ಕೇಳುವ ಧೈರ್ಯ ನೋಡು. ನಮ್ಮನೆಯವರು ತಮ್ಮ ಬ್ಲೇಡು ತಂದು ಕೊಟ್ಟು, "ಒಂದ್ ತಿಂಗ್ಳು ಬೋಳ್ಸ್ಕಂಬಿಡು, ಆಮೇಲೆ ನೋಡಾನ" ಎಂದರು. ಎಸೆದೆ.

ನೀನು ಚಳ್ಳಕೆರೆಯ ಆಸ್ಪತ್ರೆಯಲ್ಲಿ ಕಾಯಿಲೆಗಳಿಗೆ ನಂಬರು ಹಾಕುವ ಕೆಲಸ ಮಾಡುತ್ತೀಯಲ್ಲ, ಇದಕ್ಕೇನು ಹೆಸರು ಅಂತ ಬರೆ. ಊರಿನವರು ಇಟ್ಟ ಹೆಸರು ಕೇಳಿ ಕೇಳಿ ಸಾಕಾಗಿದೆ.

ನಿನ್ನ
ಯರ್ರಮ್ಮ

*

ಚಳ್ಳಕೆರೆ
18 ಡಿಸೆಂಬರ್ 1999

ಪ್ರೀತಿಯ ಯರ್ರಿ,

ನಿನ್ನ ಪತ್ರ ಓದಿ ಮರುಳಪ್ಪನವರ ಮೇಲೆ ಎಷ್ಟು ಸಿಟ್ಟು ಬಂತೋ ನಿನ್ನ ಮೇಲೂ ಅಷ್ಟೇ ಬಂತು. ಒಂದೇ ತಟ್ಟೆಯಲ್ಲಿ ಉಂಡವಳು ನಾನು. ನನಗೂ ಹೇಳಲಿಲ್ಲವಲ್ಲ!

ನೀನು ಹೆಸರು ಕೇಳಿದೆಯಲ್ಲ. ನಮ್ಮ ರೆಕಾರ್ಡ್ ರೂಮಿಗೆ ಹೊಸ ಕೋಡ್ ಪುಸ್ತಕ ಬಂದಿದೆ, ದಪ್ಪದ್ದು, ಎತ್ತಿದರೆ ಸೊಂಟ ಹಿಡಿಯುತ್ತದೆ. ಪ್ರಪಂಚದ ಕಾಯಿಲೆಗಳೆಲ್ಲ ಅದರಲ್ಲಿವೆ. ಡಾಕ್ಟರು ರೋಗಿಯ ಕಾಗದದ ಮೇಲೆ ಬರೆದ ಹೆಸರನ್ನು ಅದರಲ್ಲಿ ಹುಡುಕಿ ಪಕ್ಕದಲ್ಲಿ ನಂಬರು ಹಾಕುವುದು ನನ್ನ ಕೆಲಸ. ಕೂದಲು ಅತಿಯಾಗಿ ಬೆಳೆಯುವುದಕ್ಕೆ ಎಲ್ ಅರವತ್ತೆಂಟು. ಅದರೊಳಗೆ ಮತ್ತೆ ವಿಂಗಡಣೆ. ಯಾರಿಗೇ ಆಗಲಿ, ಮೈಯಲ್ಲಿ ಎಲ್ಲೇ ಆಗಲಿ ಅತಿಯಾದರೆ ಒಂದು ಹೆಸರು, ಹೈಪರ್‌ಟ್ರೈಕೋಸಿಸ್. ಗಂಡಸರಿಗೆ ಬರುವ ಜಾಗದಲ್ಲಿ ಹೆಂಗಸಿಗೆ ಬಂದರೆ ಬೇರೆ ಹೆಸರು, ಹರ್ಸುಟಿಸಂ. ಅದಕ್ಕೆ ಅರವತ್ತೆಂಟರ ಮುಂದೆ ಚುಕ್ಕೆ ಇಟ್ಟು ಸೊನ್ನೆ. ಡಾಕ್ಟರು ಅವಸರದಲ್ಲಿ 'ಕೂದಲು ಜಾಸ್ತಿ' ಎಂದಷ್ಟೇ ಗೀಚಿದ್ದರೆ ಚುಕ್ಕೆಯ ಮುಂದೆ ಒಂಬತ್ತು ಬೀಳುತ್ತದೆ, ಅಂದರೆ ಯಾವುದೆಂದು ಸರಿಯಾಗಿ ಹೇಳಿಲ್ಲ ಎಂದರ್ಥ. ನಾನು ಒಂಬತ್ತು ಹಾಕುವವಳಲ್ಲ. ಕಾಗದ ಹಿಡಿದುಕೊಂಡು ವಾಪಸ್ ಹೋಗಿ ಯಾವುದು ಹೇಳಿ ಎಂದು ಕೇಳುತ್ತೇನೆ. ನನ್ನನ್ನು ಕಂಡರೆ ಡಾಕ್ಟರುಗಳು ಕ್ಯಾಂಟೀನಿನ ದಾರಿ ಹಿಡಿಯುತ್ತಾರೆ.

ನಮ್ಮ ಲೇಡಿ ಡಾಕ್ಟರು ಮಂಜುಳಮ್ಮ ತುಂಬಾ ಒಳ್ಳೆಯವರು. ನೀನು ಬಂದು ಅವರಿಗೆ ತೋರಿಸು. ಸರ್ಟಿಫಿಕೇಟೂ ಬರೆದುಕೊಡುತ್ತಾರೆ, ಆ ಮನುಷ್ಯನ ಬಾಯಿ ಮುಚ್ಚುತ್ತದೆ. ಆಮೇಲೆ ಒಂದೆರಡು ವಿಷಯ ತಪ್ಪದೆ ಬರೆ. ಈ ಎರಡು ತಿಂಗಳಿಗೆ ಮುಂಚೆ ಎಷ್ಟಿತ್ತು? ಮುಟ್ಟು ಸರಿಯಾಗಿ ಆಗುತ್ತಿದೆಯೇ? ದನಿ ಯಾವಾಗಿನಿಂದ ಗಡಸಾಯಿತು? ಸುಮ್ಮನೆ ಕೇಳಿದೆ, ಗಾಬರಿಯಾಗಬೇಡ.

ಅಲ್ಲಿಯತನಕ ಇರಲಿ ಎಂದು ಒಂದು ಕ್ರೀಮು ಕಳಿಸಿದ್ದೇನೆ. ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ್ ಬೋರಯ್ಯ ನಮಗೆ ಗೊತ್ತಿರುವವರು, ಅವರ ಕೈಗೆ ಕೊಟ್ಟಿದ್ದೇನೆ. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಕೂದಲು ಬಂದುಬಿಡುತ್ತದೆ, ನೋವಿಲ್ಲ.

ನೀನೊಬ್ಬಳೇ ಅಲ್ಲ ಯರ್ರಿ. ಇದೇ ನಂಬರು ಈ ವರ್ಷ ಎಷ್ಟೋ ಸಲ ಬರೆದಿದ್ದೇನೆ. ನಿಮ್ಮ ಹಟ್ಟಿಯ ಕಡೆಯವರೂ ಇದ್ದಾರೆ. ಧೈರ್ಯವಾಗಿರು.

ನಿನ್ನ
ಶಶಿ

*

ಕೆಂಚಜ್ಜನಹಟ್ಟಿ
27 ಡಿಸೆಂಬರ್ 1999

ಶಶಿಗೆ,

ನಿನ್ನ ಕ್ರೀಮಿನ ಕಥೆ ಮೊದಲು ಕೇಳು. ಬೋರಯ್ಯ ಅದನ್ನು ನಮ್ಮನೆಯವರ ಕೈಗೆ ಕೊಟ್ಟು, "ಆಸ್ಪತ್ರೆಯಿಂದ ಬಂದೈತೆ" ಎಂದಷ್ಟೇ ಹೇಳಿ ಹೋದರು. ನೋವಿನ ಮುಲಾಮು ಎಂದುಕೊಂಡು ಇವರು ಎರಡೂ ಮೊಣಕಾಲಿಗೆ ತಿಕ್ಕಿ ಬಿಸಿಲಿಗೆ ಕೂತರು. ಸಂಜೆ ಸ್ನಾನಕ್ಕೆ ಹೋದವರು ಒಳಗಿನಿಂದ, "ಲೇ ಯರ್ರೀ, ಕಾಲು ಕೋಳಿ ಕಾಲಾಗೈತೆ" ಎಂದು ಕೂಗಿಕೊಂಡರು. ಎರಡು ದಿನ ಪಂಚೆ ಎತ್ತಿ ಕಟ್ಟಲಿಲ್ಲ. ಮೊಣಕಾಲಿನ ಕೂದಲು ಹೋದದ್ದಕ್ಕೆ ಈ ಮನುಷ್ಯನಿಗೆ ಎಷ್ಟು ನಾಚಿಕೆ! ಉಳಿದದ್ದನ್ನು ಬೋರಯ್ಯನ ಕೈಯಲ್ಲೇ ವಾಪಸ್ ಕಳಿಸಿದ್ದೇನೆ, ತೆಗೆದುಕೋ.

ಈಗ ಸಿಟ್ಟಿನ ಮಾತು. ಗಡ್ಡಕ್ಕೆ ಬೆಂಕಿ ಬಿದ್ದಿದೆ ಎಂದರೆ ಬೀಡಿಗೆ ಬೆಂಕಿ ಕೊಡು ಎಂದನಂತೆ ಒಬ್ಬ. ನಾನು ನಿನಗೆ ಕೂದಲು ತೆಗೆಯುವ ಉಪಾಯ ಕೇಳಿದೆನೇ? ಅದು ಬೇಕಿದ್ದರೆ ಮನೆಯಲ್ಲಿ ಬ್ಲೇಡಿತ್ತು, ಒಲೆಯಲ್ಲಿ ಬೂದಿಯಿತ್ತು. ನೀನೂ ಮರುಳಪ್ಪನ ಹಾಗೆಯೇ, ಮೊದಲು ಮುಖ ಸರಿ ಮಾಡಿಕೊಂಡು ಬಾ ಎನ್ನುತ್ತೀಯ. ಅವನು ನಗುತ್ತಾ ಹೇಳಿದ, ನೀನು ಪ್ರೀತಿಯಿಂದ ಹೇಳಿದೆ, ಅಷ್ಟೇ ವ್ಯತ್ಯಾಸ. ನಿನ್ನ ಆಸ್ಪತ್ರೆಗೂ ಬರುವುದಿಲ್ಲ. ಅವನು ಸರ್ಟಿಫಿಕೇಟ್ ತಾ ಎಂದ, ಇವಳು ಆಸ್ಪತ್ರೆಗೆ ಓಡಿದಳು ಎಂದಾಗಬಾರದು. ನನ್ನ ಮುಟ್ಟಿನ ಲೆಕ್ಕ ಕಾಗದದಲ್ಲಿ ಬರೆದು ಕಳಿಸಲು ನನಗೇನು ತಲೆ ಕೆಟ್ಟಿದೆಯೇ? ಎಲೆಕ್ಷನ್ನಿಗೆ ನಿಂತವಳು ನಾನು. ದಾರಿಯಲ್ಲಿ ಯಾರು ಒಡೆದು ಓದಿದರೂ ಓದಿಯಾರು.

ಒಂದು ಮಾತು ಮಾತ್ರ ಕೆಲಸಕ್ಕೆ ಬರುವಂಥದ್ದು ಬರೆದಿದ್ದೀಯ. ನಮ್ಮ ಹಟ್ಟಿಯ ಕಡೆಯವರೂ ಇದ್ದಾರೆ ಎಂದೆಯಲ್ಲ, ಯಾರು? ಹೆಸರು ಬರೆ. ಮರುಳಪ್ಪನ ಪಾರ್ಟಿಯವರ ಮನೆಯ ಹೆಂಗಸೊಬ್ಬಳು ಸಿಕ್ಕರೂ ಸಾಕು, ಪರಿಶೀಲನೆಯ ದಿನ ಎಲ್ಲರ ಎದುರಿಗೆ ಕೇಳುತ್ತೇನೆ. ಅವಳದ್ದು ಮುಖ, ನನ್ನದು ಮುಖವಲ್ಲವೇ ಎಂದು. ನಿನ್ನ ಹೆಸರು ಹೊರಗೆ ಬಿಡುವುದಿಲ್ಲ, ಮಕ್ಕಳಾಣೆ.

ಯರ್ರಮ್ಮ

*

ಚಳ್ಳಕೆರೆ
3 ಜನವರಿ 2000

ಯರ್ರಮ್ಮ,

ಹೆಸರು ಹೇಳುವುದಿಲ್ಲ. ನಿಮ್ಮ ಹಟ್ಟಿಯ ಕಡೆಯವರು ಎಂಬ ಮಾತನ್ನೂ ನಾನು ಬರೆಯಬಾರದಿತ್ತು. ನಿನಗೆ ಸಮಾಧಾನ ಮಾಡುವ ಭರದಲ್ಲಿ ನಾಲಿಗೆ ಸಡಿಲವಾಯಿತು. ಇನ್ನು ಅದನ್ನು ಕೇಳಬೇಡ.

ಕ್ರೀಮಿನ ವಿಷಯದಲ್ಲಿ ನೀನು ಬೈದದ್ದು ಸರಿ. ನಿನಗೆ ಏನು ಬೇಕೆಂದು ಕೇಳದೆ ನಾನೇ ಊಹಿಸಿಕೊಂಡೆ. ಆದರೆ ಆಸ್ಪತ್ರೆಗೆ ಬರುವುದಿಲ್ಲ ಎಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಹೋದ ಪತ್ರದಲ್ಲಿ ಸುಮ್ಮನೆ ಕೇಳಿದೆ ಎಂದು ಬರೆದೆ, ಅದು ಸುಳ್ಳು. ನನಗೆ ಹೆದರಿಕೆಯಾಗಿ ಕೇಳಿದ್ದು. ಕೂದಲು ಹತ್ತಾರು ವರ್ಷದಿಂದ ನಿಧಾನವಾಗಿ ಬಂದಿದ್ದರೆ ಹೆದರಬೇಕಾದದ್ದು ಕಡಿಮೆ. ಆದರೆ ಕೆಲವೇ ತಿಂಗಳಲ್ಲಿ ದಿಢೀರನೆ ದಟ್ಟವಾಗಿ, ದನಿ ಗಂಡಸಿನಂತಾಗಿ, ಮುಟ್ಟು ನಿಂತರೆ ಹೊಟ್ಟೆಯೊಳಗೆ ಟ್ಯೂಮರ್ ಇರಬಹುದು. ಅಂಥ ಒಬ್ಬರ ಕಾಗದಕ್ಕೆ ನಾನೇ ನಂಬರು ಹಾಕಿದ್ದೇನೆ. ಅವರ ಕಾಗದದಲ್ಲಿ ಟ್ಯೂಮರಿನದ್ದು ಎರಡನೇ ನಂಬರು, ಮೊದಲು ಬಿದ್ದದ್ದು ಕೂದಲಿನದ್ದೇ. ಎರಡು ತಿಂಗಳಲ್ಲಿ ದಟ್ಟವಾಯಿತು, ದನಿ ಗಂಡಸಿನದ್ದಾಯಿತು ಎಂದು ನೀನು ನಗುತ್ತಾ ಬರೆದೆ. ಅದನ್ನು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಮರುಳಪ್ಪನಿಗೋಸ್ಕರ ಬರಬೇಡ. ನನಗೋಸ್ಕರ ಬಾ. ಸಂಕ್ರಾಂತಿಯ ಒಳಗೆ ಬರದಿದ್ದರೆ ರಜ ಹಾಕಿ ಬಂದು ನಿಮ್ಮ ಹಟ್ಟಿಯ ನಡುವೆಯೇ ನಿನ್ನ ಜಡೆ ಹಿಡಿದು ಎಳೆದುಕೊಂಡು ಬರುತ್ತೇನೆ. ಜನ ನೋಡಲಿ.

ಶಶಿ

*

ಕೆಂಚಜ್ಜನಹಟ್ಟಿ
16 ಜನವರಿ 2000

ಪ್ರೀತಿಯ ಶಶಿಗೆ,

ಕ್ಷೇಮವಾಗಿ ಊರು ಸೇರಿದೆ. ನೀನು ಕಟ್ಟಿಕೊಟ್ಟ ಎಳ್ಳುಬೆಲ್ಲ ಮಕ್ಕಳು ಬಸ್ಸಿಳಿಯುವಲ್ಲೇ ಕಿತ್ತುಕೊಂಡರು.

ನಿನ್ನ ಮಂಜುಳಮ್ಮ ಡಾಕ್ಟರು ನನಗೆ ಇಷ್ಟವಾದರು. ಎರಡು ತಿಂಗಳಿನ ಕಥೆ ಹೇಳಿದಾಗ, "ಕೀಳೋದು ಬಿಟ್ರೆ ಬರದೇ ಇನ್ನೇನಮ್ಮ" ಎಂದು ನಕ್ಕುಬಿಟ್ಟರು. ದನಿಗೆ ಉಪ್ಪುನೀರು ಮುಕ್ಕಳಿಸು ಎಂದರು. ಅದಕ್ಕೇ ನೀನು ಹದಿನೈದು ದಿನ ಊಟ ಬಿಟ್ಟೆಯಲ್ಲ, ಹುಚ್ಚಿ! ನಾನು ಒಂದು ಹೇಳಿದರೆ ನೀನು ಒಂದು ತಿಳಿದುಕೊಂಡೆ. ಆದರೂ ಬಿಡದೆ ಸ್ಕ್ಯಾನು, ರಕ್ತ ಎಲ್ಲ ಮಾಡಿಸಿದ್ದು ಒಳ್ಳೆಯದಾಯಿತು. ತುಟಿ, ಗದ್ದ, ಎದೆ, ಹೊಟ್ಟೆ, ಬೆನ್ನು ಎಂದು ಒಂದೊಂದೇ ಜಾಗ ನೋಡಿ ಒಂದೊಂದಕ್ಕೂ ಮಾರ್ಕ್ಸ್ ಹಾಕಿದರು. ಹೆಚ್ಚು ಕೂದಲಿದ್ದರೆ ಹೆಚ್ಚು ಮಾರ್ಕ್ಸ್ ಅಂತೆ. ಗಣಿತದಲ್ಲಿ ಕೂಡ ಅಷ್ಟು ಬಂದಿರಲಿಲ್ಲ ನನಗೆ.

ನೀನು ನಂಬರಿನ ವಿಷಯ ಹೇಳಿದೆಯಲ್ಲ, ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ತುಟಿ, ಗದ್ದದ ಮೇಲೆ ಕೂದಲು ಬಂದದ್ದಕ್ಕೆ ಗಂಡಸಿನ ಕಾಗದದಲ್ಲಿ ಆ ನಂಬರು ಬೀಳುವುದಿಲ್ಲ, ಹೆಂಗಸಿಗೇ ಬೀಳಬೇಕು. ಅಂದರೆ ಅದೇ ಕೂದಲು ಅವನಿಗಿದ್ದರೆ ಮೀಸೆ, ತಿರುವಿಕೊಂಡು ಓಡಾಡುತ್ತಾನೆ. ನನಗಿದ್ದರೆ ಕಾಯಿಲೆ. ನಿನ್ನ ಪುಸ್ತಕ ಬರೆದವರು ಯಾರೋ, ಅವರಿಗೂ ಮೀಸೆಯಿದ್ದಿರಬೇಕು!

ಇನ್ನೊಂದು ವಿಷಯ. ನೀನು ಹೆಸರು ಹೇಳಲಿಲ್ಲ, ಬಿಡು. ನಾನೇ ಕಣ್ಣಾರೆ ಕಂಡೆ. ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕಕ್ಕೇ ಒಬ್ಬ ಹುಡುಗಿ ಕೂತಿದ್ದಳು, ಮುಖದ ಅರ್ಧಕ್ಕೆ ದುಪಟ್ಟ ಸುತ್ತಿಕೊಂಡು. ನೀರು ಕುಡಿಯಲು ಸರಿಸಿದಾಗ ನೋಡಿದೆ. ಗದ್ದದ ಮೇಲೆ ಕಿತ್ತು ಕಿತ್ತು ಕಪ್ಪಾದ ಕಲೆಗಳು, ನನಗೆ ಆದಂಥದ್ದೇ ಕುರು. ಅವಳೂ ನನ್ನ ಗಡ್ಡವನ್ನೇ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು, ಹೆದರಿ ಅಲ್ಲ, ಒಂಥರಾ ಆಸೆಯಿಂದ. ಆಗ ಅವಳ ತಾಯಿ ಚೀಟಿ ಮಾಡಿಸಿಕೊಂಡು ಬಂದಳು. ಶಿವಬಸಮ್ಮ! ಹುಡುಗಿ ಮರುಳಪ್ಪನ ಮಗಳು ಐಶ್ವರ್ಯ, ಹಿರಿಯೂರಿನಲ್ಲಿ ಓದುವವಳು. ಶಿವಬಸಮ್ಮ ನನ್ನನ್ನು ಕಂಡು ಗೋಡೆಯ ಹಾಗೆ ಬಿಳಿಚಿಕೊಂಡಳು. ಮಗಳ ಕೈ ಹಿಡಿದು, ತೋರಿಸದೆಯೇ ಎಳೆದುಕೊಂಡು ಹೋದಳು.

ಈಗ ಹೇಳು ಶಶಿ, ಮರುಳಪ್ಪನ ಜುಟ್ಟು ಯಾರ ಕೈಯಲ್ಲಿದೆ? ಪರಿಶೀಲನೆಯ ದಿನ ಅವನು ಬಾಯಿ ಬಿಡಲಿ. ಆಮೇಲೆ ನನ್ನ ಬಾಯಿ ನೋಡು.

ನಿನ್ನ
ಯರ್ರಿ

*

ಚಳ್ಳಕೆರೆ
20 ಜನವರಿ 2000

ಯರ್ರಿ,

ಬೆಂಚಿನ ಮೇಲೆ ಕೂತವರು ಯಾತಕ್ಕೆ ಬಂದಿದ್ದರೆಂದು ನಿನಗೇನು ಗೊತ್ತು? ಜ್ವರಕ್ಕೂ ಬರುತ್ತಾರೆ, ಹೊಟ್ಟೆನೋವಿಗೂ ಬರುತ್ತಾರೆ. ನಾನು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದಿಲ್ಲ. ನನ್ನ ರೂಮಿಗೆ ಬೀಗವಿದೆ, ಬಾಯಿಗೂ ಅದೇ ಬೀಗ.

ಆದರೆ ಇದನ್ನು ಕಿವಿಗೊಟ್ಟು ಕೇಳು. ಬಾಗಿಲು ಹಾಕಿಕೊಂಡು ಮೊದಲ ಸಲ ದುಪಟ್ಟ ತೆಗೆಯುವ ಹುಡುಗಿಯರನ್ನು ನಾನು ನೋಡಿದ್ದೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದಿಲ್ಲ, ಬೆಳಕು ಬೀಳುತ್ತದೆ ಎಂದು. ಒಬ್ಬಳು ನೇಣಿನ ಮಾತಾಡಿದ್ದಳು. ಅವರಿಗೆ ಹೆಸರಿನ ಬದಲು ನಂಬರು ಹಾಕಿ ಮೇಲಿನವರಿಗೆ ಲೆಕ್ಕ ಕಳಿಸುತ್ತೇವಲ್ಲ, ಯಾಕೆ ಗೊತ್ತೇ? ನಂಬರಿಗೆ ಮುಖವಿಲ್ಲ, ಅದನ್ನು ಯಾರೂ ಬೆರಳು ಮಾಡಿ ತೋರಿಸಲಾರರು. ನೀನು ಊರ ಮುಂದೆ ಒಂದು ಹುಡುಗಿಯ ಹೆಸರು ಕೂಗಿದ ದಿನ ಸುತ್ತಲಿನ ಹಳ್ಳಿಯ ಒಬ್ಬ ಹೆಣ್ಣುಮಗಳೂ ನಮ್ಮ ಬೆಂಚಿಗೆ ಬರುವುದಿಲ್ಲ. ಬರದೇ ಇದ್ದವರಲ್ಲಿ ಯಾರಿಗಾದರೂ ನಿಜವಾಗಿಯೂ ಟ್ಯೂಮರ್ ಇದ್ದರೆ?

ಮರುಳಪ್ಪ ನಿನಗೆ ಮಾಡಿದ್ದು ಇದೇ ಅಲ್ಲವೇ? ನಿನ್ನ ಮುಖ ತೋರಿಸಿ ನಕ್ಕ. ನೀನು ಓದುವ ವಯಸ್ಸಿನ ಒಂದು ಹುಡುಗಿಗೆ ಅದನ್ನೇ ಮಾಡಿ ಸೀಟು ಗೆದ್ದರೆ, ನಾನು ನಿನಗೆ ಇನ್ನು ಪತ್ರ ಬರೆಯುವುದಿಲ್ಲ. ಇದು ಬೆದರಿಕೆ ಎಂದುಕೋ, ಬೇಕಾದರೆ.

ನಿನ್ನ ಫಲಿತಾಂಶ ಬಂದಿದೆ. ಸ್ಕ್ಯಾನಿನಲ್ಲಿ ಏನೂ ಇಲ್ಲ, ರಕ್ತವೂ ಸರಿಯಾಗಿದೆ. ಅಂಡಾಶಯದಲ್ಲಿ ನೀರುಗುಳ್ಳೆಗಳಿದ್ದರೆ ಅದಕ್ಕೆ ಬೇರೆ ನಂಬರಿತ್ತು, ಅದೂ ಇಲ್ಲ. ಕ್ಯಾತಮ್ಮಜ್ಜಿಯಿಂದ ಬಂದದ್ದು ಎಂದು ಮಂಜುಳಮ್ಮ ಬರೆದಿದ್ದಾರೆ. ಎಲ್ ಅರವತ್ತೆಂಟು, ಚುಕ್ಕೆ, ಸೊನ್ನೆ. ನಾನೇ ಬರೆದೆ. ಆಮೇಲೆ ಪುಸ್ತಕ ಮುಚ್ಚಿ ಅತ್ತುಬಿಟ್ಟೆ, ಖುಷಿಗೆ.

ಡಾಕ್ಟರ ಕಾಗದ ಇದರ ಜೊತೆಗಿದೆ. ಅಧಿಕಾರಿಗೆ ಅದನ್ನು ಕೊಡು, ಸಾಕು.

ಶಶಿ

*

ಕೆಂಚಜ್ಜನಹಟ್ಟಿ
8 ಫೆಬ್ರವರಿ 2000

ಪ್ರೀತಿಯ ಶಶಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ನಾನು ಜಾಲಿಗಾಗಿ ಬಡಿದಾಡುತ್ತಿದ್ದರೆ ನೀನು ವೈರಿಯ ಮನೆಯ ಮಾನ ಕಾಯುತ್ತೀಯ ಎಂದುಕೊಂಡೆ. ನಿನ್ನೆ ಪರಿಶೀಲನೆ ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನೀನೇ ಓದಿಕೋ.

ಪಂಚಾಯ್ತಿ ಆಫೀಸಿನ ಮುಂದೆ ಸುತ್ತ ಹಟ್ಟಿಯ ಜನ ಸೇರಿತ್ತು. ಗಡ್ಡದವಳ ಅರ್ಜಿ ಏನಾಗುತ್ತದೆ ಎಂದು ನೋಡಲು ಕೆಲವರು ಕೆಲಸ ಬಿಟ್ಟು ಬಂದಿದ್ದರು. ಚುನಾವಣಾ ಅಧಿಕಾರಿ ಸೂರಪ್ಪ ಎಂದು, ಹೈಸ್ಕೂಲು ಮೇಷ್ಟ್ರು, ಸಾಧು ಮನುಷ್ಯ. ನನ್ನ ಹೆಸರು ಕೂಗಿದ ಕೂಡಲೇ ಮರುಳಪ್ಪ ಮುಂದೆ ಬಂದು, "ತಕರಾರು ಐತೆ ಸಾರ್. ಇದು ಮಹಿಳಾ ಸೀಟು. ಈಯಮ್ಮನ ಮುಖ ನೋಡ್ರಿ, ನೀವೇ ಹೇಳ್ರಿ" ಎಂದರು. ಸೂರಪ್ಪ ಮೇಷ್ಟ್ರು ನನ್ನ ಮುಖ ಬಿಟ್ಟು ಉಳಿದಿದ್ದೆಲ್ಲ ನೋಡಿದರು. ಮೆಲ್ಲಗೆ, "ಡಾಕ್ಟರ ಕಾಗದ ಏನಾದ್ರೂ ಐತೇನಮ್ಮ?" ಎಂದರು.

"ಐತೆ ಸಾರ್, ಆದ್ರೆ ಕೊಡಲ್ಲ" ಎಂದೆ.

ನಿನ್ನ ಕಾಗದ ನನ್ನ ಸೊಂಟದ ಚೀಲದಲ್ಲಿತ್ತು. ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೈ ಹೋಗಲಿಲ್ಲ. "ಈ ಸೀಟಿಗೆ ಅರ್ಜಿ ಹಾಕಿರೋರೆಲ್ಲ ತಂದು ಕೊಡ್ಲಿ, ಆಗ ನಾನೂ ಕೊಡ್ತೀನಿ. ಓಟರ್ ಲಿಸ್ಟ್‌ನಾಗೆ ನನ್ನ ಹೆಣ್ಣು ಅಂತ ಬರ್ದೋರು ನೀವೇ. ಹತ್ತು ವರ್ಷದಿಂದ ಓಟು ಹಾಕಿಸ್ಕಂಡ್ರಿ, ಅವಾಗ ಯಾರಿಗೂ ಅನುಮಾನ ಬರ್ಲಿಲ್ಲ. ಇಂಥ ಕೂದ್ಲು ನಿಮಗಿದ್ರೆ ಮೀಸೆ ಅಂತೀರಿ, ನನಗಿದ್ರೆ ಸರ್ಟಿಫಿಕೇಟ್ ಕೇಳ್ತೀರಾ?" ಎಂದೆ. ಹೆಂಗಸರ ಕಡೆಯಿಂದ ಯಾರೋ ಸಿಳ್ಳೆ ಹಾಕಿದರು, ಆಣೆ ಮಾಡಿ ಹೇಳುತ್ತೇನೆ, ನಮ್ಮತ್ತೆಯೇ ಇರಬೇಕು.

ಮರುಳಪ್ಪನ ಮುಖ ಕೆಂಪಗಾಯಿತು. ಗಟ್ಟಿಯಾಗಿ ಕೂಗಿದರು: "ಹೆಣ್ಣಿಗೆ ಗಡ್ಡ ಬಂದ್ರೆ ಆ ಮನೆಗೆ ಕೇಡು ಅಂತಾರೆ ಹಿರೇರು. ಇಂಥದ್ದನ್ನ ಊರ ಮ್ಯಾಲೆ ಕುಂದ್ರಿಸ್ತೀರಾ? ಮರ್ಯಾದಸ್ಥರ ಮನ್ಯಾಗೆ ಇಂಥದ್ದು ಹುಟ್ಟತೈತಾ?"

ಶಶಿ, ಆ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೂ ಇದ್ದೆ. ನಿನ್ನ ಪತ್ರ ನೆನಪಾಯಿತು ಎಂದು ಬರೆದರೆ ನಿನಗೆ ಸಂತೋಷವಾದೀತು, ಆದರೆ ಅದು ನೆನಪಾಗಲಿಲ್ಲ. ಎದುರಿಗೆ ಶಿವಬಸಮ್ಮ ನಿಂತಿದ್ದಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು, ನಾನೀಗ ಹೊಡೆಯುತ್ತೇನೆ ಎಂದು ಕಾಯುವವಳ ಹಾಗೆ. ಇಷ್ಟು ವರ್ಷ ಬೆಳಿಗ್ಗೆ ಕನ್ನಡಿ ನೋಡುವಾಗ ನನ್ನ ಮುಖದಲ್ಲಿ ಇರುತ್ತಿದ್ದದ್ದು ಅದೇ ಹೆದರಿಕೆ. ನನಗೆ ಅದು ಗೊತ್ತು. ಬಾಯಿ ಮುಚ್ಚಿಕೊಂಡೆ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಬೇರೆ ಮಾಡಿಲ್ಲ. ಎರಡು ಹೆರಿಗೆಯೂ ಅದಕ್ಕಿಂತ ಸಲೀಸು.

ನಾನು ಸುಮ್ಮನಾದದ್ದು ನೋಡಿ ಮರುಳಪ್ಪ ಗೆದ್ದೆ ಎಂದುಕೊಂಡು ತಕರಾರಿನ ಕಾಗದ ಮೇಜಿನ ಮೇಲಿಟ್ಟರು. ಸೂರಪ್ಪ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ನೀವು ಅಭ್ಯರ್ಥಿ ಅಲ್ಲವಲ್ರೀ. ಇದಕ್ಕೆ ಅಭ್ಯರ್ಥಿ ಸಹಿ ಬೇಕು" ಎಂದರು. ಮರುಳಪ್ಪ ಹಿಂದೆ ತಿರುಗಿ ನೋಡದೆಯೇ ಹೆಂಡತಿಯ ಕಡೆ ಪೆನ್ನು ಚಾಚಿದರು.

ಶಿವಬಸಮ್ಮ ಪೆನ್ನು ಮುಟ್ಟಲಿಲ್ಲ. ಮೇಜಿನ ಹತ್ತಿರ ಬಂದು, "ಸ್ವಾಮಿ, ಎಲೆಕ್ಷನ್‌ಗೆ ನಿಂತಿರೋಳು ನಾನು, ಇವರಲ್ಲ. ನಂದೇನೂ ತಕರಾರಿಲ್ಲ ಅಂತ ಬರ್ಕೊಳ್ರಿ" ಎಂದಳು. ಮರುಳಪ್ಪ ಏನೋ ಹೇಳಲು ಬಾಯಿ ತೆರೆದರೆ, "ನೀವು ಸುಮ್ನಿರ್ರಿ. ಇಷ್ಟೊತ್ತು ಮಾತಾಡಿದ್ದು ಸಾಕು" ಎಂದಳು. ಅವರಿಗೆ ಅವಳು ಹಾಗೆ ಹೇಳಿದ್ದನ್ನು ಊರು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿದಳು. ಥ್ಯಾಂಕ್ಸ್ ಹೇಳುತ್ತಾಳೇನೋ ಎಂದುಕೊಂಡೆ. ಅವಳೆಲ್ಲಿ! "ಓಟಲ್ಲಿ ಸೋಲಿಸ್ತೀನಿ ನಿನ್ನ, ಗಡ್ಡದಲ್ಲಲ್ಲ" ಎಂದಳು.

ನನ್ನ ನಾಮಪತ್ರ ಅಂಗೀಕಾರವಾಗಿದೆ. ಡಾಕ್ಟರ ಕಾಗದ ಚೀಲದಲ್ಲೇ ಇದೆ, ಬೆವರಿಗೆ ಅಕ್ಷರ ಹರಡಿದೆ. ಪತ್ರ ಬರೆಯುವುದಿಲ್ಲ ಎಂದಿದ್ದೆಯಲ್ಲ, ಈಗ ಬರೆ.

ನಿನ್ನ
ಯರ್ರಿ

*

ಚಳ್ಳಕೆರೆ
12 ಫೆಬ್ರವರಿ 2000

ಯರ್ರಿ,

ಬರೆದಿದ್ದೇನೆ, ನೋಡು. ನಿನ್ನ ಪತ್ರವನ್ನು ರೆಕಾರ್ಡ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಎರಡು ಸಲ ಓದಿದೆ. ಆ ಕಾಗದಕ್ಕಾಗಿ ನಾನು ಮಂಜುಳಮ್ಮನವರ ಹಿಂದೆ ವಾರವೆಲ್ಲ ಅಲೆದಿದ್ದೆ, ನೀನು ಅದನ್ನು ಬೆವರಲ್ಲಿ ನೆನೆಸಿದೆ. ಮೊದಲು ಬೇಜಾರಾಯಿತು. ಆಮೇಲೆ ಅನ್ನಿಸಿತು, ಕಾಯಿಲೆ ಯಾವುದೆಂದು ಹೇಳುವುದು ನಮ್ಮ ಕೆಲಸ. ನೀನು ಯಾರೆಂದು ಹೇಳುವ ಕೆಲಸ ನಮ್ಮದಲ್ಲ. ಅದನ್ನು ನಾನೂ ಮರುಳಪ್ಪನಂತೆಯೇ ಮರೆತಿದ್ದೆ.

ಕಳೆದ ವಾರದಿಂದ ನಮ್ಮ ಬೆಂಚಿನಲ್ಲಿ ಜನ ಕಡಿಮೆಯಾಗಿಲ್ಲ. ಇಷ್ಟೇ ಹೇಳಬಲ್ಲೆ.

ಗೆದ್ದು ಬಾ. ಗೆದ್ದರೆ ಮಂಜುಳಮ್ಮನವರೇ ಮೈಸೂರುಪಾಕು ಕೊಡಿಸುತ್ತಾರಂತೆ.

ಶಶಿ

*

ಕೆಂಚಜ್ಜನಹಟ್ಟಿ
3 ಮಾರ್ಚ್ 2000

ಪ್ರೀತಿಯ ಶಶಿಗೆ,

ಸೋತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನಾನು ಹಾಗೆ ಸುಳ್ಳು ಹೇಳುವುದಿಲ್ಲ. ನನ್ನದಕ್ಕೆ ಚೆನ್ನಾಗಿಯೇ ಮಣ್ಣು ಮೆತ್ತಿದೆ. ಶಿವಬಸಮ್ಮ ಹೇಳಿದಂತೆ ಮಾಡಿದಳು. ಮನೆಮನೆಗೂ ತಾನೇ ನಡೆದು ಓಟು ಕೇಳಿದಳು, ನನ್ನ ಮುಖದ ಬಗ್ಗೆ ಒಂದು ಮಾತು ಎತ್ತಲಿಲ್ಲ. ಅವಳ ಕಡೆ ಜನ ಹೆಚ್ಚು, ಓಟೂ ಹೆಚ್ಚು. ಎಣಿಕೆ ಮುಗಿದ ಮೇಲೆ ಮೈಕಿನಲ್ಲಿ ಮಹಿಳಾ ಅಭ್ಯರ್ಥಿ ಶ್ರೀಮತಿ ಯರ್ರಮ್ಮ ಪರಾಭವಗೊಂಡಿದ್ದಾರೆ ಎಂದು ಕೂಗಿದರು. ಅಳು ಬರುವುದರಲ್ಲಿತ್ತು, ಅದನ್ನು ಕೇಳಿ ನಗು ಬಂತು. ಮಹಿಳೆಯರ ಸೀಟಿನಲ್ಲಿ ಮಹಿಳೆಯಾಗಿ, ಗಡ್ಡ ಬಿಟ್ಟುಕೊಂಡೇ ಸೋತಿದ್ದೇನೆ ಕಣೇ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಆದರೆ ಪತ್ರ ಬರೆಯುತ್ತಿರುವುದು ಅದಕ್ಕಲ್ಲ. ಸೋತವಳು ಮನೆ ಸೇರಿದಳು ಎಂದುಕೊಂಡು ನಿನ್ನೆ ಬೆಳಿಗ್ಗೆಯೇ ಇದ್ದಿಲಿನವರು ಕೊಡಲಿ ಹೊತ್ತುಕೊಂಡು ಉಳಿದ ಜಾಲಿ ಕಡಿಯಲು ಬಂದರು. ನಾನು ಓಡಿದೆ. ನಮ್ಮತ್ತೆ ಬಂದರು, ಹಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ತಂಬಿಗೆ ಹಿಡಿದುಕೊಂಡೇ ಬಂದು ಪೊದೆಗೆ ಬೆನ್ನು ಕೊಟ್ಟು ನಿಂತರು. ಇದ್ದಿಲಿನವನು ಮರುಳಪ್ಪನಿಗೆ ಹೇಳಿ ಕಳಿಸಿದ. ಅವರು ಮೋಟರ್ ಸೈಕಲ್ಲಿನಲ್ಲಿ ಬಂದು, "ಏನಮ್ಮಾ ಗಡ್ಡದವ್ವ, ಸೋತ ಮ್ಯಾಲೂ ಬುದ್ಧಿ ಬರ್ಲಿಲ್ವಾ?" ಎಂದರು.

ಇದ್ದಿಲಿನವನು ನಕ್ಕ. ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಯಾರೋ ಬಂದು ನನ್ನ ಪಕ್ಕದಲ್ಲಿ ನಿಂತರು. ನೋಡಿದರೆ ಐಶ್ವರ್ಯ. ಅವಳ ಮನೆಯಲ್ಲಿ ಕಕ್ಕಸಿದೆ, ಜಾಲಿಯಿಂದ ಅವಳಿಗೆ ಆಗಬೇಕಾದದ್ದೇನೂ ಇಲ್ಲ. ಮುಖದ ಮೇಲೆ ದುಪಟ್ಟ ಇರಲಿಲ್ಲ. ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಬೆಳಗಿನ ಬಿಸಿಲು ನೇರವಾಗಿ ಅವಳ ಗದ್ದದ ಮೇಲೆ ಬೀಳುತ್ತಿತ್ತು, ಕಲೆಗಳ ನಡುವೆ ಹೊಸ ಕೂದಲು ಒಂದೆರಡು ವಾರದ್ದು. ಹಟ್ಟಿಗೆ ಹಟ್ಟಿಯೇ ನೋಡಿತು. ಅವಳ ಹೆಸರನ್ನು ನಾನು ಎಲ್ಲೂ ಎತ್ತಿಲ್ಲ ಶಶಿ, ನಿನ್ನಾಣೆ. ತಾನಾಗಿಯೇ ಬಂದು ನಿಂತಳು.

ಮರುಳಪ್ಪ ಮೋಟರ್ ಸೈಕಲ್ಲಿನಿಂದ ಇಳಿದರು. ಇದ್ದಿಲಿನವನನ್ನು ನೋಡಿದರು, ಮಗಳನ್ನು ನೋಡಿದರು. ಕೊನೆಗೆ, "ಮುಖ ಮುಚ್ಕೊಂಡು ಮನೆಗೆ ನಡಿ" ಎಂದರು.

"ಮುಚ್ಕೊಳ್ಳಲ್ಲಪ್ಪ" ಎಂದಳು. "ಇಲ್ಲೇ ನಿಲ್ತೀನಿ. ಯಾರು ನಗ್ತಾರೋ ನಗ್ಲಿ, ನೋಡ್ತೀನಿ."

ಯಾರೂ ನಗಲಿಲ್ಲ. ಮರುಳಪ್ಪ ಯಾರಾದರೂ ನಗುತ್ತಿದ್ದಾರೆಯೇ ಎಂದು ಒಬ್ಬೊಬ್ಬರ ಮುಖ ನೋಡಿದರು. ಆಮೇಲೆ ಇದ್ದಿಲಿನವನ ಕಡೆ ತಿರುಗಿ, "ಕೊಡ್ಲಿ ಎತ್ಕಂಡು ಹೋಗ್ರಲೇ" ಎಂದರು.

ನಿನ್ನ
ಯರ್ರಮ್ಮ